ಸತ್ತ ಮೀನಿಗೆ ಸಾಕ್ಷಿ ಹೇಳುವವರು ಯಾರು?

ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿದವರು ಗಾಜನೂರು, ಸಕ್ರೆಬೈಲು ದಾಟುವವರೆಗೂ ತೂಕಡಿಸುತ್ತಾ ಇರಲಿ, ಮಂಡಗದ್ದೆ ಬಂದಾಗ ಒಂದು ಸಲ ಕಿಟಕಿ ಕಡೆ ತಿರುಗಿಯೇ ತಿರುಗುತ್ತಾರೆ. ಮಳೆಗಾಲವಾದರೆ ಹೊಳೆ ನಡುವಿನ ಗಿಡಗಳ ಮೇಲೆ ಯಾರೋ ಒಗೆದ ಪಂಚೆ ಹರವಿಟ್ಟ ಹಾಗೆ ಬೆಳ್ಳಗೆ ಕಾಣುತ್ತೆ. ಬೆಳ್ಳಕ್ಕಿ. ಮಧ್ಯೆ ಮಧ್ಯೆ ಕಪ್ಪಗೆ ರೆಕ್ಕೆ ಬಿಚ್ಚಿ ಕೂತದ್ದು ನೀರುಕಾಗೆ. ಕತ್ತು ಮಾತ್ರ ಮೇಲೆತ್ತಿ ಹಾವಿನ ಹಾಗೆ ಈಜುವುದು ಹಾವಕ್ಕಿ. ಇದೇ ನಮ್ಮ ಮಂಡಗದ್ದೆ ಪಕ್ಷಿಧಾಮ. ಹೆಸರು ದೊಡ್ಡದು, ಜಾಗ 1.14 ಎಕರೆ. ಒಬ್ಬ ಸಣ್ಣ ರೈತನ ಅಡಿಕೆ ತೋಟದಷ್ಟೂ ಇಲ್ಲ.

ಇಷ್ಟು ಚಿಕ್ಕ ಜಾಗಕ್ಕೆ ಇಷ್ಟು ಹಕ್ಕಿ ಯಾಕೆ ಬರುತ್ತೆ ಅಂತ ಕೇಳಿದರೆ ಉತ್ತರ ಸುಲಭ. ಮರಿಗೆ ಮೀನು ಬೇಕು. ತುಂಗೆಯಲ್ಲಿ ಮೀನಿದೆ. ಮೇಲೆ ಶೃಂಗೇರಿಯಲ್ಲಿ ಮಠದ ಮುಂದೆ ಮಂಡಕ್ಕಿ ಎಸೆದರೆ ಮುಗಿಬೀಳುವ ಮೀನು, ತೀರ್ಥಹಳ್ಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನು, ಮಂಡಗದ್ದೆಯ ಹಕ್ಕಿ ಬಾಯಿಗೆ ಸಿಗುವ ಮೀನು, ಎಲ್ಲ ಒಂದೇ ಹೊಳೆಯವು. ಇಲ್ಲಿಂದ ಮೇಲೆ ಹೊಳೆ ದಂಡೆಯಲ್ಲಿ ಕಾಗದದ ಕಾರ್ಖಾನೆ ಇಲ್ಲ, ಉಕ್ಕಿನ ಕಾರ್ಖಾನೆ ಇಲ್ಲ, ಗಣಿ ಇಲ್ಲ. ಹಾಗಾಗಿ ಮೀನಿದೆ, ಹಕ್ಕಿ ಇದೆ, ಗಾಜನೂರಿನಿಂದ ಕೆಳಗೆ ಶಿವಮೊಗ್ಗದ ನಲ್ಲಿಯಲ್ಲಿ ಕುಡಿಯುವ ನೀರೂ ಇದೆ.

ಇದು ನಮ್ಮ ಪುಣ್ಯ ಅಂದುಕೊಂಡರೆ ತಪ್ಪು. ಸ್ವಲ್ಪ ಅದೃಷ್ಟ, ಉಳಿದದ್ದು ಬೇರೆಯವರು ಬಡಿದಾಡಿದ್ದು. ಇದೇ ನೀರು ಕೆಳಗೆ ಹೋದ ಮೇಲೆ ಏನಾಯಿತು, ಯಾರನ್ನು ಹಿಡಿದು ಕೇಳಲಾಯಿತು, ಯಾರು ದುಡ್ಡು ಕಟ್ಟಿದರು, ಯಾರು ಕಟ್ಟಲಿಲ್ಲ ಅನ್ನುವ ಲೆಕ್ಕ ಮಂಡಗದ್ದೆಯವರಿಗೂ ಗೊತ್ತಿರಬೇಕಾದ್ದೇ.

ಅಕ್ಕ ತಂಗಿ, ಹಣೆಬರಹ ಬೇರೆ

ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖದ ಕಡೆ ಗಂಗಾಮೂಲದಲ್ಲಿ. ವರಾಹ ಪರ್ವತ ಅಂತಲೂ ಹೇಳುತ್ತಾರೆ. ನೇತ್ರಾವತಿಯ ಮೂಲವೂ ಅಲ್ಲೇ. ತುಂಗೆ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಶಿವಮೊಗ್ಗ ನೋಡಿಕೊಂಡು 147 ಕಿಲೋಮೀಟರ್ ಹರಿದು ಕೂಡ್ಲಿಗೆ ಬರುತ್ತೆ. ಭದ್ರೆ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿ, ಭದ್ರಾವತಿ ಸುತ್ತಿ ಅದೇ ಕೂಡ್ಲಿಗೆ ಬರುತ್ತೆ. ಒಂದೇ ಮನೆಯಲ್ಲಿ ಹುಟ್ಟಿದವರು. ಒಬ್ಬಳಿಗೆ ಮಠ, ಮಂಟಪ, ಹಕ್ಕಿ. ಇನ್ನೊಬ್ಬಳಿಗೆ ತಲೆ ಮೇಲೆ ಕಬ್ಬಿಣದ ಗಣಿ, ದಾರಿಯಲ್ಲಿ 1923ರ ಉಕ್ಕಿನ ಕಾರ್ಖಾನೆ, ಪಕ್ಕದಲ್ಲಿ 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್.

ಪೇಪರ್ ಮಿಲ್ ಬಗ್ಗೆ ಪತ್ರಿಕೆಯವರು ಸ್ವಲ್ಪ ತಗ್ಗಿದ ದನಿಯಲ್ಲೇ ಮಾತಾಡಬೇಕು. 1980ರ ದಶಕದಿಂದ ಅಲ್ಲಿ ತಯಾರಾದ ಸುದ್ದಿಕಾಗದದ ಮೇಲೇ ಕನ್ನಡದ ಎಷ್ಟೋ ಪತ್ರಿಕೆ ಅಚ್ಚಾದವು. ಹೊಳೆ ಕೆಟ್ಟಿತು ಅಂತ ಬರೆದ ಸುದ್ದಿಯೂ ಅದೇ ಕಾಗದದ ಮೇಲೆ!

ಗಂಗ್ರಿಕಲ್ಲಿನವರೆಗೆ ಬಂದಿದ್ದ ಗಣಿ

ಕುದುರೆಮುಖದ ಕಥೆ ಮೊದಲು. ಅಲ್ಲಿನ ಗಣಿ ಗುತ್ತಿಗೆ 1969ರದು, 30 ವರ್ಷಕ್ಕೆ, 4,604 ಹೆಕ್ಟೇರ್ ಚಿಲ್ಲರೆ. 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಹುಟ್ಟಿತು. ಅದಿರು ಇರಾನಿಗೆ ಹೋಗಬೇಕು, ದುಡ್ಡು ಇರಾನಿನಿಂದ ಬರಬೇಕು ಅನ್ನೋದು ಒಪ್ಪಂದ. 1979ರಲ್ಲಿ ಅಲ್ಲಿ ಷಾ ದೊರೆಯೇ ಓಡಿಹೋದ. ಒಪ್ಪಂದ ಬಿತ್ತು, ಗಣಿ ಮಾತ್ರ ಬೇರೆ ಗಿರಾಕಿ ಹುಡುಕಿಕೊಂಡು ನಡೆಯಿತು. ಅದಿರಿನ ಕೆಸರನ್ನು ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುವುದು, ಉಳಿದ ಮಣ್ಣುಗಸಿಯನ್ನು ಲಖ್ಯಾ ಹಳ್ಳಕ್ಕೆ ಕಟ್ಟಿದ ಅಣೆಕಟ್ಟಿನಲ್ಲಿ ತುಂಬುವುದು.

ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಆದರೆ ಕುದುರೆಮುಖದಲ್ಲಿ ಬೀಳುವ ಮಳೆ ನಮ್ಮ ಆಗುಂಬೆ ಮಳೆಗೆ ಸಮ. ಹುಲ್ಲು, ಶೋಲಾ ಕಾಡು ಎಲ್ಲ ಕೆರೆದು ತೆಗೆದ ಗುಡ್ಡದ ಮೇಲೆ ಆ ಮಳೆ ಬಿದ್ದರೆ ಮಣ್ಣು ಅಣೆಕಟ್ಟಿನ ದಾರಿ ಕೇಳಿಕೊಂಡು ಹೋಗುತ್ತದೆಯೆ? ಭದ್ರೆಗೆ ಹೋಯಿತು. ಭದ್ರೆಯಿಂದ ದಂಡೆಯ ಗದ್ದೆಗೆ, ಲಕ್ಕವಳ್ಳಿ ಜಲಾಶಯಕ್ಕೆ. 1987ರಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಗಿತ್ತು. 1999ಕ್ಕೆ ಗುತ್ತಿಗೆ ಮುಗಿಯಿತು. ಮುಗಿದ ಮೇಲೂ ತಾತ್ಕಾಲಿಕ ಪರವಾನಗಿಯ ಮೇಲೆ ಗಣಿ ನಡೆಯುತ್ತಲೇ ಇತ್ತು. ಸಾಲದ್ದಕ್ಕೆ ನೆಲ್ಲಿಬೀಡು, ಗಂಗ್ರಿಕಲ್ಲು ಕಡೆಗೂ ಕೈ ಚಾಚುವ ಬೇಡಿಕೆ ಇತ್ತು.

ಗಂಗ್ರಿಕಲ್ಲು ಅಂದರೆ ನಮ್ಮ ಬುಡಕ್ಕೇ ಬಂದ ಹಾಗೆ. ತುಂಗೆ ಹುಟ್ಟುವ ಬೆಟ್ಟಸಾಲು ಅದು. 2000ದ ಆಸುಪಾಸಿನಲ್ಲಿ ತುಂಗಾ ಮೂಲ ಉಳಿಸಿ ಅಂತ ಈ ಜಿಲ್ಲೆಯಲ್ಲೂ ಶೃಂಗೇರಿ ಸೀಮೆಯಲ್ಲೂ ಜನ ಬೀದಿಗೆ ಬಂದದ್ದು ಇದೇ ಭಯಕ್ಕೆ. ಅತ್ತ ಸುಪ್ರೀಂ ಕೋರ್ಟಿನಲ್ಲಿ ನಿವೃತ್ತ ರೇಂಜರ್ ಕೆ.ಎಂ. ಚಿಣ್ಣಪ್ಪನವರ ಕೇಸು. ನಾಗರಹೊಳೆಯಲ್ಲಿ ಕಾಡು ಕಾದವರು ನಿವೃತ್ತಿಯಾದ ಮೇಲೆ ಕುದುರೆಮುಖ ಕಾದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಲ್ಲಬೇಕು. ನಿಂತಿತು.

ಆ ತೀರ್ಪು ಬರದೆ, ಗಣಿ ಬೆಟ್ಟಸಾಲು ಹತ್ತಿ ಈ ಕಡೆ ಇಳಿದಿದ್ದರೆ ಮಂಡಗದ್ದೆಯಲ್ಲಿ ಬಸ್ಸಿನ ಕಿಟಕಿಯಿಂದ ಇಣುಕುವುದಕ್ಕೆ ಏನಿರುತ್ತಿತ್ತೋ. ಭದ್ರೆ ದಂಡೆಯ ರೈತನ ಗದ್ದೆ ಮೇಲೆ 25 ವರ್ಷ ಕೂತ ಹೂಳಿನ ಮಾತು ಬೇರೆ. ನಿಲ್ಲಿಸು ಅನ್ನುವ ಆದೇಶ ಒಂದು, ಹಾಳು ಮಾಡಿದ್ದನ್ನು ತುಂಬಿಕೊಡು ಅನ್ನುವ ಆದೇಶ ಇನ್ನೊಂದು. ಮೊದಲನೆಯದು ಸಿಕ್ಕಿದ್ದಕ್ಕೇ ಜನ ಪಟಾಕಿ ಹೊಡೆಯುತ್ತಾರೆ. ಎರಡನೆಯದರ ನೆನಪು ಬರುವ ಹೊತ್ತಿಗೆ ಕಂಪನಿಯ ಕಚೇರಿಗೆ ಬೀಗ ಬಿದ್ದಿರುತ್ತೆ.

ಹರಿಹರದಲ್ಲಿ ತೇಲಿದ ಮೀನು

ಕೂಡ್ಲಿಯಲ್ಲಿ ಎರಡು ಹೊಳೆ ಸೇರಿ ತುಂಗಭದ್ರೆಯಾದ ಮೇಲೆ ಹೊನ್ನಾಳಿ ದಾಟಿದರೆ ಹರಿಹರ. ಎದುರು ದಂಡೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ. 1970ರ ದಶಕದಲ್ಲಿ ಅಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಬಂತು. ಹಿಂದೆಯೇ ಗ್ರಾಸಿಮ್. ನೀಲಗಿರಿ ಮರ ಒಳಗೆ, ಕೃತಕ ನೂಲಿನ ಎಳೆ ಹೊರಗೆ.

ಮರದಿಂದ ಎಳೆ ತೆಗೆಯುವುದು ಹೇಗೆ ಅಂತ ತಿಳಿದರೆ ಮೀನು ಯಾಕೆ ಸಾಯುತ್ತೆ ಅನ್ನೋದೂ ತಿಳಿಯುತ್ತೆ. ಮರವನ್ನು ಚೂರು ಮಾಡಿ ರಾಸಾಯನಿಕದಲ್ಲಿ ಬೇಯಿಸುತ್ತಾರೆ. ನಾರು ಉಳಿಯುತ್ತೆ. ನಾರಿಗೆ ಅಂಟಿದ್ದ ಗೋಂದಿನಂಥದ್ದು ಕಪ್ಪು ಕಷಾಯವಾಗಿ ಹೊರಗೆ ಬರುತ್ತೆ. ಆ ಕಷಾಯವನ್ನು ಕಾರ್ಖಾನೆಯವರೇ ಸುಟ್ಟು ರಾಸಾಯನಿಕ ವಾಪಸ್ಸು ತೆಗೆಯಬೇಕು. ತಪ್ಪಿಸಿಕೊಂಡದ್ದು, ತೊಳೆದದ್ದು, ಬಿಳಿ ಮಾಡಿದ ನೀರು ಎಲ್ಲ ಸೇರಿ ತ್ಯಾಜ್ಯ. ಇದು ಹೊಳೆಗೆ ಬಿದ್ದರೆ ಮೀನಿಗೆ ವಿಷವೇ ಆಗಬೇಕೆಂದಿಲ್ಲ. ಈ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಮೀನಿಗೆ ಒಂದು ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು ಅಂತ ಲೆಕ್ಕ. ಅದಕ್ಕಿಂತ ಕೆಳಗಿಳಿದರೆ ನೀರಿನಲ್ಲಿದ್ದೂ ಉಸಿರುಗಟ್ಟಿ ಸಾಯುತ್ತೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಇದು ಇನ್ನೂ ಕೆಟ್ಟದು. ಕಾರ್ಖಾನೆ ಬಿಡುವ ನೀರು ಅಷ್ಟೇ ಇರುತ್ತೆ, ಅದನ್ನು ತೆಳು ಮಾಡಬೇಕಾದ ಹೊಳೆ ನೀರು ಇರುವುದಿಲ್ಲ.

ಕುಮಾರಪಟ್ಟಣದ ಕೆಳಗಿನ ಹಳ್ಳಿಗಳ ದೂರು ಇದೇ. ನೀರಿನ ಬಣ್ಣ ತಿರುಗಿತು, ವಾಸನೆ ಬಂತು, ಮೀನು ರಾಶಿ ರಾಶಿ ಸತ್ತು ತೇಲಿತು, ಹೊಳೆಗೆ ಇಳಿದವರಿಗೂ ದನಗಳಿಗೂ ಚರ್ಮದ ತೊಂದರೆ. ಮೊದಲು ಪೆಟ್ಟು ಬಿದ್ದದ್ದು ಮೀನುಗಾರರಿಗೆ. ಬಲೆ ಬೀಸಿ ಬದುಕುವವನಿಗೆ ರಜೆ ಇಲ್ಲ, ಪರಿಹಾರ ಇಲ್ಲ, ಸಂಘವೂ ಇಲ್ಲ. ಇನ್ನೊಂದು ತಮಾಷೆ ನೋಡಿ. ಆಗ ಹೊಳೆಯ ಈ ದಂಡೆ ಚಿತ್ರದುರ್ಗ ಜಿಲ್ಲೆ, ಆ ದಂಡೆ ಧಾರವಾಡ ಜಿಲ್ಲೆ. ಸತ್ತ ಮೀನು ನಡುನೀರಿನಲ್ಲಿ ತೇಲಿದರೆ ಯಾವ ಜಿಲ್ಲಾಧಿಕಾರಿ ಬರಬೇಕು? 1997ರಲ್ಲಿ ಅವು ದಾವಣಗೆರೆ, ಹಾವೇರಿ ಆದವು. ಗೆರೆ ಮಾತ್ರ ಇವತ್ತಿಗೂ ಹೊಳೆ ನಡುವೆಯೇ ಇದೆ.

ಅಮೆರಿಕದ ಕೆಲಸ ಬಿಟ್ಟು ರಾಣೆಬೆನ್ನೂರು ತಾಲ್ಲೂಕಿಗೆ ಬಂದು ಕೂತಿದ್ದ ಎಸ್.ಆರ್. ಹಿರೇಮಠ ಮತ್ತು ಅವರ ಸಮಾಜ ಪರಿವರ್ತನ ಸಮುದಾಯ ಈ ಮೀನುಗಾರರನ್ನೂ ರೈತರನ್ನೂ ಒಟ್ಟು ಮಾಡಿತು. 1984ರ ಅಕ್ಟೋಬರ್ 2, ಗಾಂಧಿ ಜಯಂತಿ ದಿನ, ಕಾರ್ಖಾನೆ ಮುಂದೆ ದೊಡ್ಡ ಪ್ರದರ್ಶನ ನಡೆಯಿತು. ಸರಿಯಾಗಿ ಎರಡು ತಿಂಗಳಿಗೆ ಭೋಪಾಲದಲ್ಲಿ ಅನಿಲ ಸೋರಿ ಸಾವಿರಾರು ಜನ ಸತ್ತರು. ಕಾರ್ಖಾನೆ ಊರಿಗೆ ಏನು ಮಾಡಬಲ್ಲದು ಅನ್ನುವುದು ಆಗ ಇಡೀ ದೇಶಕ್ಕೆ ತಿಳಿಯಿತು. ಮಾಲಿನ್ಯ ನಿಯಂತ್ರಣಕ್ಕೆ ಜಲ ಕಾಯ್ದೆ 1974ರಲ್ಲೇ ಬಂದಿತ್ತು, ಆ ವರ್ಷವೇ ನಮ್ಮ ರಾಜ್ಯದಲ್ಲಿ ಮಂಡಳಿಯೂ ಹುಟ್ಟಿತ್ತು. ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು ಭೋಪಾಲದ ನಂತರ, 1986ರಲ್ಲಿ.

ಹಿರೇಮಠರ ಗುಂಪು 1985ರ ಡಿಸೆಂಬರ್‌ನಲ್ಲಿ ಹೈಕೋರ್ಟಿಗೆ ಹೋಯಿತು. ಕೇಸು ಹಾಕಿದ್ದು ಯಾರ ಮೇಲೆ? ಮಾಲಿನ್ಯ ನಿಯಂತ್ರಣ ಮಂಡಳಿ ಮೇಲೆ. ಹೊಳೆ ಕೆಡದಂತೆ ನೋಡಿಕೊಳ್ಳಬೇಕಾದವರು ನೋಡಿಕೊಳ್ಳಲಿಲ್ಲ ಅಂತ. ಕಳ್ಳನ ಜೊತೆಗೆ ಕಾವಲುಗಾರನನ್ನೂ ಕೇಳಿ ಅನ್ನುವ ಈ ದಾರಿ ಆಗಿನ ಕಾಲಕ್ಕೆ ಹೊಸದು.

ನೀರು ಕೆಟ್ಟಿತು, ಇನ್ನು ನೆಲ

ಅಷ್ಟರಲ್ಲಿ ಸರ್ಕಾರವೇ ಕಾರ್ಖಾನೆ ಜೊತೆ ಪಾಲುದಾರಿಕೆಗೆ ಕೂತಿತ್ತು. ಕರ್ನಾಟಕ ಪಲ್ಪ್‌ವುಡ್ ಅಂತ 1984ರಲ್ಲಿ ಒಂದು ಕಂಪನಿ. ಸರ್ಕಾರದ ಕಡೆಗೆ ನೂರಕ್ಕೆ 51, ಹರಿಹರ ಪಾಲಿಫೈಬರ್ಸ್‌ಗೆ 49. ನಾಲ್ಕು ಜಿಲ್ಲೆಗಳಲ್ಲಿ 30 ಸಾವಿರ ಹೆಕ್ಟೇರ್ ಊರೊಟ್ಟಿನ ಜಾಗದಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವುದು. ದನ ಮೇಯುವ, ಸೌದೆ ಆಯುವ ಜಾಗ ಅದು. ನೀರು ಕೆಡಿಸಿದ್ದಕ್ಕೆ ದಂಡ ಕೇಳಲು ಹೋದವರಿಗೆ ಗೋಮಾಳವನ್ನೂ ಬಿಟ್ಟುಕೊಡಿ ಅಂದ ಹಾಗಾಯಿತು.

ಕೋಟ ಶಿವರಾಮ ಕಾರಂತರು ಆಗ ಎಂಬತ್ತು ದಾಟಿದ ಮುದುಕರು. ಆ ವಯಸ್ಸಿನಲ್ಲಿ ಸಮಾಜ ಪರಿವರ್ತನ ಸಮುದಾಯದ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 1987ರಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಸುಮಾರು 2,000 ಜನ ಸೇರಿ ಕಂಪನಿಯ ನೀಲಗಿರಿ ಸಸಿ ನೂರು ಕಿತ್ತು, ಆ ಜಾಗದಲ್ಲಿ ಹಣ್ಣು, ಮೇವು ಕೊಡುವ ಸಸಿ ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ಅಂತ ಹೆಸರಾದದ್ದು ಇದೇ. ಕಲ್ಲು ತೂರಾಟ ಇಲ್ಲ, ಬೆಂಕಿ ಇಲ್ಲ. 1991ರಲ್ಲಿ ಸರ್ಕಾರ ಆ ಪಲ್ಪ್‌ವುಡ್ ಕಂಪನಿಯನ್ನು ಮುಚ್ಚಿತು.

ಇದು ಬಯಲುಸೀಮೆ ಕಥೆ ಅಂತ ನಮ್ಮ ಕಡೆಯವರು ಕೈ ತೊಳೆದುಕೊಳ್ಳುವ ಹಾಗಿಲ್ಲ. ಭದ್ರಾವತಿಯ ಪೇಪರ್ ಮಿಲ್ಲಿಗೆ 1980ರಲ್ಲಿ 40 ವರ್ಷಕ್ಕೆ ಅಂತ ಕೊಟ್ಟಿದ್ದ ನೆಡುತೋಪಿನ ಜಾಗದ ಅವಧಿ 2020ಕ್ಕೆ ಮುಗಿಯಿತು. ಅಷ್ಟು ಹೊತ್ತಿಗೆ ಮಿಲ್ಲಿನ ಯಂತ್ರಗಳೇ ನಿಂತು ವರ್ಷಗಳಾಗಿದ್ದವು. ಆದರೂ ಸುಮಾರು 20 ಸಾವಿರ ಹೆಕ್ಟೇರಿನ ಗುತ್ತಿಗೆಯನ್ನು ಸರ್ಕಾರ ಮುಂದುವರಿಸಿತು. ನಮ್ಮೂರಿಗೆ ಅಕೇಶಿಯಾ ಮರ ಬೇಡ ಅಂತ ಮಲೆನಾಡಿನವರು ಆಮೇಲೆ ಕೂಗೆಬ್ಬಿಸಿದ್ದು ಈ ಕಾರಣಕ್ಕೆ.

ಬಾಟಲಿ ನೀರು ಸಾಕ್ಷಿಯಲ್ಲ

ಈಗ ವಿಷಯದ ಗಂಟು ಇರುವ ಜಾಗ. ಹೊಳೆಯಲ್ಲಿ ಮೀನು ಸತ್ತರೆ ಊರಿನವರು ಮೊದಲು ಮಾಡುವ ಕೆಲಸ ಏನು? ಒಂದು ಖಾಲಿ ಬಾಟಲಿ ಹುಡುಕಿ ಆ ಕೆಟ್ಟ ನೀರು ತುಂಬಿಟ್ಟುಕೊಳ್ಳುವುದು. ಮೊಬೈಲ್ ಬಂದ ಮೇಲೆ ಫೋಟೋ. ಆಮೇಲೆ ಬಾಟಲಿ ಹಿಡಿದು ಬಸ್ಸು ಹತ್ತಿ ಕಚೇರಿಗೆ ಹೋಗುವುದು. ಕಚೇರಿಯಲ್ಲಿ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಅದಕ್ಕೆ ಕಾನೂನಿನಲ್ಲಿ ಸೋಡಾ ಬಾಟಲಿಯಷ್ಟೇ ಬೆಲೆ.

ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಕೋರ್ಟಿನಲ್ಲಿ ನಿಲ್ಲುವ ಮಾದರಿ ತೆಗೆಯಬೇಕಾದವರು ಮಂಡಳಿಯ ಅಧಿಕಾರಿಗಳು. ಪರೀಕ್ಷೆಗೆ ಕಳಿಸುತ್ತೇವೆ ಅಂತ ಕಾರ್ಖಾನೆಯವರಿಗೆ ಆಗಲೇ ನೋಟೀಸು ಕೊಡಬೇಕು. ಅವರ ಎದುರಿಗೇ ನೀರನ್ನು ಎರಡು ಪಾಲು ಮಾಡಬೇಕು, ಮೊಹರು ಹಾಕಬೇಕು, ಇಬ್ಬರೂ ಸಹಿ ಮಾಡಬೇಕು, ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಹೋಗಬೇಕು. ಇದರಲ್ಲಿ ಒಂದು ತಪ್ಪಿದರೂ ವಕೀಲರು ಹಿಡಿದುಕೊಳ್ಳುತ್ತಾರೆ. ನಿಯಮ ಅನ್ಯಾಯದ್ದೇನೂ ಅಲ್ಲ. ಯಾರೋ ದ್ವೇಷಕ್ಕೆ ಚರಂಡಿ ನೀರು ತಂದು ಕಾರ್ಖಾನೆ ಹೆಸರು ಹೇಳಬಾರದಲ್ಲ.

ಆದರೆ ಹೊಳೆ ಅಧಿಕಾರಿಗಾಗಿ ಕಾಯುವುದಿಲ್ಲ. ರಾತ್ರಿ ಬಿಟ್ಟ ನೀರು ಬೆಳಗಾಗುವುದರೊಳಗೆ ನಾಲ್ಕು ಊರು ಕೆಳಗೆ ಹೋಗಿರುತ್ತೆ. ಭಾನುವಾರ ಸತ್ತ ಮೀನಿನ ವಿಚಾರಣೆಗೆ ಬುಧವಾರ ಜೀಪು ಬಂದರೆ ಅಲ್ಲಿರುವುದು ಬುಧವಾರದ ನೀರು. ಅದನ್ನು ವಿಧಿವತ್ತಾಗಿ ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಮಾಡಿ ಕಳಿಸಿದರೆ ವರದಿ ಏನು ಬರುತ್ತೆ? ನಿಗದಿತ ಮಿತಿಯೊಳಗಿದೆ! ಹೊಳೆಗೆ ಬಿಡುವ ತ್ಯಾಜ್ಯದ ಮಿತಿ ಲೀಟರಿಗೆ ಬಿಒಡಿ 30 ಮಿಲಿಗ್ರಾಂ. ಬಿಒಡಿ ಅಂದರೆ ಆ ನೀರಿನ ಕೊಳೆ ಎಷ್ಟು ಆಮ್ಲಜನಕ ನುಂಗುತ್ತೆ ಅನ್ನುವ ಅಳತೆ. ಬುಧವಾರದ ನೀರಿನಲ್ಲಿ ಅದು ಮಿತಿಯೊಳಗೆ ಇದ್ದದ್ದೂ ನಿಜ, ಭಾನುವಾರ ಮೀನು ಸತ್ತದ್ದೂ ನಿಜ.

ಹಾಗಂತ ಜನರ ಕೈ ಪೂರ್ತಿ ಕಟ್ಟಿಲ್ಲ. ಜಲ ಕಾಯ್ದೆಗೆ 1988ರಲ್ಲಿ ಆದ ತಿದ್ದುಪಡಿಯಿಂದ, ಮಂಡಳಿಗೆ 60 ದಿನದ ನೋಟೀಸು ಕೊಟ್ಟು ಸಾಮಾನ್ಯ ಮನುಷ್ಯನೂ ನೇರವಾಗಿ ಕೋರ್ಟಿಗೆ ದೂರು ಕೊಡುವ ದಾರಿ ಆಯಿತು. 2010ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ ಬಂತು. ದಕ್ಷಿಣದ ಪೀಠ ಚೆನ್ನೈಯಲ್ಲಿ. ಹಾನಿಗೆ ಪರಿಹಾರ ಕೇಳಬೇಕಾದರೆ ಕಾರಣ ಹುಟ್ಟಿದ 5 ವರ್ಷದೊಳಗೆ ಅರ್ಜಿ ಹಾಕಬೇಕು. ಆ ಮೇಲೆ ಹೋದರೆ ಅಲ್ಪ ಸ್ವಲ್ಪ ದಿನದ ರಿಯಾಯಿತಿ ಬಿಟ್ಟರೆ ಬಾಗಿಲು ಮುಚ್ಚಿದ ಹಾಗೇ. ಈ 5 ವರ್ಷದ ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಸಾಕ್ಷ್ಯ ಕಾನೂನಿನ ಕಟ್ಟುಪಾಡು ಆ ನ್ಯಾಯಮಂಡಳಿಗೆ ಇಲ್ಲವಾದ್ದರಿಂದ ಊರಿನವರ ಫೋಟೋ, ದಿನ ದಿನ ಬರೆದಿಟ್ಟ ಪುಸ್ತಕ, ಸತ್ತ ಮೀನಿನ ಲೆಕ್ಕ ಅಲ್ಲಿ ಕೆಲಸಕ್ಕೆ ಬರಬಹುದು. ಅಂಗಡಿಯವರಿಗೆ ದಿನದ ಲೆಕ್ಕ ಬರೆಯುವ ಅಭ್ಯಾಸ ಇದ್ದೇ ಇದೆ. ಉದ್ರಿ ಪುಸ್ತಕದ ಕೊನೆಯಲ್ಲಿ ಒಂದು ಹಾಳೆ ಹೊಳೆಗೂ ಇರಲಿ.

ಇನ್ನೊಂದು ಬೆಳವಣಿಗೆ ಎಲ್ಲರ ಕಣ್ಣಿಗೂ ಬಿದ್ದಂತಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಜಲ ಕಾಯ್ದೆ ತಿದ್ದಿತು. ಹಲವು ತಪ್ಪುಗಳಿಗೆ ಇದ್ದ ಜೈಲು ಹೋಗಿ ದಂಡ ಬಂತು. 10 ಸಾವಿರದಿಂದ 15 ಲಕ್ಷದವರೆಗೆ. ನಿರ್ಣಯ ಮಾಡಿ ಒಪ್ಪಿಕೊಂಡ ರಾಜ್ಯಗಳಿಗೆ ಇದು ಅನ್ವಯ. ಜೈಲಿಗೆ ಹೋದ ಮಾಲೀಕರನ್ನು ಯಾರೂ ನೋಡಿಲ್ಲ, ಇದೇ ವಾಸಿ ಅನ್ನುವವರಿದ್ದಾರೆ. ಸಣ್ಣ ಅಕ್ಕಿ ಗಿರಣಿಯವನಿಗೆ 15 ಲಕ್ಷ ಅಂದರೆ ಮನೆ ಮಠ. ದೊಡ್ಡ ಕಾರ್ಖಾನೆಗೆ ಅದು ಶುದ್ಧೀಕರಣ ಘಟಕ ನಡೆಸುವ ಖರ್ಚಿಗಿಂತ ಅಗ್ಗವಾದರೆ ದಂಡವೇ ಬಾಡಿಗೆಯಾಗಿಬಿಡುತ್ತೆ.

ಕೊಟ್ಟವರೂ ಇದ್ದಾರೆ, ಕೊಡಿಸಿದ್ದಕ್ಕೆ ಹಿಡಿದ ಕಾಲ ನೋಡಿ

ಕೆಡಿಸಿದವನೇ ತೆರಬೇಕು ಅನ್ನುವ ಮಾತನ್ನು ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿದ್ದು 1996ರಲ್ಲಿ, ರಾಜಸ್ಥಾನದ ಬಿಚ್ಛಡಿ ಅನ್ನುವ ಹಳ್ಳಿಯ ಕೇಸಿನಲ್ಲಿ. ಉದಯಪುರದ ಹತ್ತಿರ ಬಣ್ಣಕ್ಕೆ ಬೇಕಾದ ಆಮ್ಲ ತಯಾರಿಸುವ ಕಾರ್ಖಾನೆಗಳು 1980ರ ದಶಕದ ಕೊನೆಗೆ ಅಲ್ಲಿನ ಬಾವಿಗಳನ್ನು ಹಾಳು ಮಾಡಿದ್ದವು. ನೀರು ಕುಡಿಯುವುದಿರಲಿ, ಹೊಲಕ್ಕೂ ಬಾರದ ಹಾಗಾಯಿತು. 1989ರಲ್ಲಿ ಕೇಸು, 1996ರಲ್ಲಿ ತೀರ್ಪು. ಕಂಪನಿಯವರು ಅರ್ಜಿ ಮೇಲೆ ಅರ್ಜಿ ಹಾಕುತ್ತಾ ಹೋದರು. 2011ರಲ್ಲಿ ಕೋರ್ಟಿಗೇ ಬೇಜಾರಾಗಿ, 37 ಕೋಟಿ 38 ಲಕ್ಷ ಚಿಲ್ಲರೆಯನ್ನು ನೂರಕ್ಕೆ 12ರ ಚಕ್ರಬಡ್ಡಿ ಸಮೇತ ಕಟ್ಟಿ ಅಂತ ಆದೇಶ ಮಾಡಿತು. ಕೇಸು ಹಾಕಿದ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಡಿಗ್ರಿ ಮುಗಿಸಿತ್ತು.

ನಮ್ಮ ಹೊಳೆಯ ದಾರಿಯಲ್ಲೇ ಇನ್ನೊಂದು ಉದಾಹರಣೆ ಇದೆ. ತುಂಗಭದ್ರೆ ಹರಿಹರ ದಾಟಿ ಹೊಸಪೇಟೆಗೆ ಬಂದರೆ ಅಣೆಕಟ್ಟು. ಅದು ಮೊದಲು ತುಂಬಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ ಹತ್ತಿರ. ಈಗ 105 ಚಿಲ್ಲರೆ. ಉಳಿದದ್ದು ಹೂಳು. ಹೂಳೆಲ್ಲ ಗಣಿಯದೇ ಅನ್ನುವಂತಿಲ್ಲ, ಮಲೆನಾಡಿನಲ್ಲಿ ಕಾಡು ಕಡಿದ ಗುಡ್ಡದ ಮಣ್ಣೂ ಅದರಲ್ಲಿದೆ, ನಮ್ಮದೂ ಇದೆ. ಅದರ ಸುತ್ತಲಿನ ಬಳ್ಳಾರಿ, ಸಂಡೂರು ಗುಡ್ಡಗಳನ್ನು ಅಗೆದದ್ದು ಹೇಗೆ ಅಂತ ರಾಜ್ಯಕ್ಕೆಲ್ಲ ಗೊತ್ತು. ಕೇಸು ಹಾಕಿದ್ದು ಮತ್ತೆ ಅದೇ ಹರಿಹರದ ಮೀನಿನ ಸಂಘಟನೆ, ಸಮಾಜ ಪರಿವರ್ತನ ಸಮುದಾಯ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ದರ್ಜೆ ಮಾಡಿತು. ಸಿ ದರ್ಜೆಯ ಗುತ್ತಿಗೆ ರದ್ದು. ಬಿ ದರ್ಜೆಯವರು ಗಡಿ ದಾಟಿ ಅಗೆದ ಜಾಗಕ್ಕೆ ಹೆಕ್ಟೇರಿಗೆ 5 ಕೋಟಿ, ಗಡಿ ದಾಟಿ ಮಣ್ಣು ಸುರಿದದ್ದಕ್ಕೆ ಹೆಕ್ಟೇರಿಗೆ 1 ಕೋಟಿ ಕಟ್ಟಬೇಕು.

ಇಂಥ ಸ್ಪಷ್ಟ ಲೆಕ್ಕ ಕುದುರೆಮುಖದಲ್ಲೂ ಹರಿಹರದಲ್ಲೂ ಇದ್ದಿದ್ದರೆ ಅನಿಸುತ್ತೆ. ಬಳ್ಳಾರಿಯ ದುಡ್ಡು ಸಾವಿರಾರು ಕೋಟಿ ಸೇರಿತು. ಖರ್ಚು ಮಾಡಲು 2014ರಲ್ಲಿ ಒಂದು ನಿಗಮವೂ ಆಯಿತು. ದುಡ್ಡಿದೆ, ನಿಗಮ ಇದೆ, ಗುಡ್ಡ ಮಾತ್ರ ಹಾಗೇ ಇದೆ ಅಂತ ಆ ಭಾಗದವರು ಗೊಣಗುತ್ತಿದ್ದರು. 2022ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಖರ್ಚಿನ ಉಸ್ತುವಾರಿಗೆ ನೇಮಿಸಬೇಕಾಯಿತು.

ಅನ್ನ ಕೊಟ್ಟದ್ದೂ ಕಾರ್ಖಾನೆಯೇ

ಬಸ್ಸಿನಲ್ಲಿ ಈ ಮಾತು ಎತ್ತಿದರೆ ಪಕ್ಕದ ಸೀಟಿನವರಿಂದ ಒಂದು ಪ್ರಶ್ನೆ ಬಂದೇ ಬರುತ್ತೆ. ಕಾರ್ಖಾನೆ ಬೇಡ ಅಂದರೆ ಹುಡುಗರು ಎಲ್ಲಿಗೆ ಹೋಗಬೇಕು? ಸರಿಯಾದ ಪ್ರಶ್ನೆ. ಪೇಪರ್ ಮಿಲ್ಲು ನಿಂತದ್ದು ಮಾಲಿನ್ಯದ ಕೇಸಿನಿಂದಲ್ಲ, ನಷ್ಟದಿಂದ. ನಿಂತ ಮೇಲೆ ಭದ್ರಾವತಿ ಪೇಪರ್ ಟೌನಿನ ಅಂಗಡಿ ಸಾಲಿನಲ್ಲಿ ವ್ಯಾಪಾರ ಏನಾಯಿತು ಅಂತ ಅಲ್ಲಿನವರನ್ನು ಕೇಳಬೇಕು. ಕುದುರೆಮುಖದ ಊರೂ ಹಾಗೇ ಖಾಲಿಯಾಯಿತು. ಕಾರ್ಖಾನೆ ಕೆಡಿಸಿದಾಗ ಮೀನುಗಾರನ ಹೊಟ್ಟೆ ಮೇಲೆ, ಮುಚ್ಚಿದಾಗ ಕಾರ್ಮಿಕನ ಹೊಟ್ಟೆ ಮೇಲೆ. ಎರಡೂ ಸಲ ಮೇಲೆ ಕೂತವರು ಬೆಂಗಳೂರಲ್ಲೋ ಮುಂಬೈಯಲ್ಲೋ ಕ್ಷೇಮ. ಅದಕ್ಕೇ ಮೊದಲ ದಿನವೇ ಶುದ್ಧೀಕರಣ ಘಟಕ ಸರಿಯಾಗಿ ನಡೆಸಿ, ಅದನ್ನು ತೋರಿಸಿ ಅಂತ ಕೇಳುವುದು ಕಾರ್ಮಿಕನ ಕೆಲಸ ಉಳಿಸುವ ಮಾತೂ ಹೌದು. ಹರಿಹರದ ಕಾರ್ಖಾನೆ ಇವತ್ತಿಗೂ ನಡೆಯುತ್ತಿದೆ. ಕೇಳಿದ್ದಕ್ಕೆ ಅದೇನೂ ಮುಚ್ಚಲಿಲ್ಲ.

ನಮ್ಮ ಕಡೆಯ ಲೆಕ್ಕವೂ ಪೂರ್ತಿ ಚೊಕ್ಕಟವಲ್ಲ. ಮೇಲೆ ಕೊಪ್ಪ, ಶೃಂಗೇರಿ ಕಡೆ ಚಳಿಗಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಹಳ್ಳಕ್ಕೆ ಬಿಟ್ಟರೆ ಅದೂ ಆಮ್ಲಜನಕ ನುಂಗುವ ನೀರೇ. ಬಿಡಬಾರದು ಅಂತ ನಿಯಮ ಇದೆ. ಊರಿನ ಚರಂಡಿ, ವಸತಿಗೃಹದ ಗುಂಡಿ, ಹೊಳೆಯಲ್ಲಿ ಬಿಡುವ ಹಳೇ ಬಟ್ಟೆ, ಶಾಂಪೂ ಪೊಟ್ಟಣ ಇವುಗಳಿಗೆ ಬಿರ್ಲಾನೂ ಬೇಕಿಲ್ಲ, ಇರಾನಿನ ಷಾನೂ ಬೇಕಿಲ್ಲ. ಶಿವಮೊಗ್ಗದ ಕೊಳಚೆ ತುಂಗೆಗೆ ಸೇರಿದರೆ ಕೂಡ್ಲಿಯವರಿಗೆ ನಾವೇ ಕಾರ್ಖಾನೆ. 2024ರ ನವೆಂಬರ್‌ನಲ್ಲಿ ನಿರ್ಮಲ ತುಂಗಭದ್ರಾ ಅಂತ ಶೃಂಗೇರಿಯಿಂದ ಪಾದಯಾತ್ರೆ ಹೊರಟವರು ಹೇಳಿದ್ದರಲ್ಲಿ ಕಾರ್ಖಾನೆ ಮಾತಿನ ಜೊತೆಗೆ ಈ ಚರಂಡಿ ಮಾತೂ ಇತ್ತು.

ಹಕ್ಕಿ ಹೋದ ಮೇಲೆ

ಅಕ್ಟೋಬರ್, ನವೆಂಬರ್ ಹೊತ್ತಿಗೆ ಮಂಡಗದ್ದೆಯ ಮರಿಗಳಿಗೆ ರೆಕ್ಕೆ ಬಲಿತು ಗೂಡು ಖಾಲಿ. ಮಾರ್ಚ್ ಬಂದರೆ ಹೊಳೆ ಇಳಿದು ಬಂಡೆ ಕಾಣುತ್ತೆ. ನೀರಿನ ಗುಣ ನೋಡಬೇಕಾದ ಕಾಲ ಅದೇ, ಮಳೆಗಾಲದ ಕೆಂಪು ನೀರಿನಲ್ಲಿ ಏನೂ ತಿಳಿಯುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯವರು ತುಂಗೆ, ಭದ್ರೆ, ತುಂಗಭದ್ರೆಯಲ್ಲಿ ಗೊತ್ತಾದ ಜಾಗಗಳಿಂದ ನೀರು ತೆಗೆದು ಪರೀಕ್ಷೆ ಮಾಡುತ್ತಾರೆ. ಫಲಿತಾಂಶ ಗುಟ್ಟಲ್ಲ. ಆಮ್ಲಜನಕ ಎಷ್ಟಿತ್ತು, ಬಿಒಡಿ ಎಷ್ಟಿತ್ತು, ಯಾವ ತಿಂಗಳು ಯಾವ ದರ್ಜೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದೊಳಗೆ ಕೊಡಬೇಕು. ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಶುಲ್ಕ 10 ರೂಪಾಯಿ. ಮಂಡಗದ್ದೆಯಿಂದ ಶಿವಮೊಗ್ಗಕ್ಕೆ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ.